ಆಟಿಕ್ ಅಂದರೆ ಅಟ್ಟ ಅಲ್ಲ

ಗಣಪತಿ ಹಬ್ಬದ ದಿನ ಇಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ, ಮೇಪಲ್ ಗ್ರೋವ್ ದೇವಸ್ಥಾನದ ಊಟದ ಸಾಲಿನಲ್ಲಿ ಸಿಕ್ಕಿದ್ದೆಯಲ್ಲ, ಆವತ್ತು ಆ ಗಲಾಟೆಯಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ನಿನ್ನೆ ರಾತ್ರಿ ನೀನು ಕಳಿಸಿದ ಉದ್ದದ ಮೆಸೇಜ್ ಎರಡು ಸಲ ಓದಿದೆ. ಅಕ್ಕಾ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ಬ್ಲೂಮಿಂಗ್ಟನ್‌ನಲ್ಲಿ 1964ರ ರ್‍ಯಾಂಬ್ಲರ್ ಅನ್ನುವ ಒಂದೇ ಅಂತಸ್ತಿನ ಮನೆ ಕೊಂಡಿದ್ದೀರಿ. ಮನೆ ನೋಡಿದ ಇನ್‌ಸ್ಪೆಕ್ಟರ್ ಆಟಿಕ್‌ನಲ್ಲಿ ಇನ್ಸುಲೇಷನ್ ಐದಾರು ಇಂಚು ಮಾತ್ರ ಇದೆ ಎಂದು ಬರೆದುಕೊಟ್ಟಿದ್ದಾರೆ. (ಆಟಿಕ್ ಅಂದರೆ ಮಾಡಿಗೂ ಸೀಲಿಂಗಿಗೂ ನಡುವಿನ ಜಾಗ, ಇನ್ಸುಲೇಷನ್ ಅಂದರೆ ಅಲ್ಲಿ ಹಾಸುವ, ಶಾಖ ಸೋರದಂತೆ ತಡೆಯುವ ಹೊದಿಕೆ.) ನಿನಗೆ ಜನವರಿಯಲ್ಲಿ ಹೆರಿಗೆ. ಹುಬ್ಬಳ್ಳಿಯಿಂದ ಅಮ್ಮ ಡಿಸೆಂಬರ್ ಮೊದಲ ವಾರ ಬಾಣಂತನಕ್ಕೆ ಬರುತ್ತಾರೆ. ಅಷ್ಟರೊಳಗೆ ಆಟಿಕ್ ಕೆಲಸ ಮಾಡಿಸಲೇಬೇಕಾ, ಮುಂದಿನ ಬೇಸಿಗೆಗೆ ಬಿಡಬಹುದಾ? ನಿಮ್ಮನೆಯವರು ನಾಲ್ಕು ವಿಡಿಯೊ ನೋಡಿ "ನಾನೇ ಮಾಡ್ತೀನಿ, ಸುಮ್ನೆ ಯಾಕೆ ದುಡ್ಡು" ಅನ್ನುತ್ತಿದ್ದಾರೆ, ಬಿಡಬಹುದಾ? ಇದರ ಜೊತೆಗೆ ಅಮ್ಮನ ಇನ್ಶೂರೆನ್ಸ್, ಚಳಿ ಬಟ್ಟೆ, ಮನೆಯೊಳಗೇ ಕೂತು ಅಮ್ಮನಿಗೆ ಬೇಜಾರಾಗುತ್ತದಾ ಎನ್ನುವ ಚಿಂತೆ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಇನ್ಶೂರೆನ್ಸ್ ಅಮ್ಮ ವಿಮಾನ ಹತ್ತುವ ಮೊದಲೇ ಮಾಡಿಸು. ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗಳ ಬಗ್ಗೆ ಏನು ಬರೆದಿದೆ ಎನ್ನುವುದನ್ನು ಸರಿಯಾಗಿ ಓದಿ ಆಮೇಲೆ ದುಡ್ಡು ಕಟ್ಟು. ಬಿಪಿ, ಶುಗರ್ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಸಮೇತ ಇರುವಷ್ಟು ದಿನಕ್ಕೂ ತರಲಿ. ಬಟ್ಟೆ ಅಲ್ಲಿ ಕೊಳ್ಳಬೇಡಿ, ಒಂದು ಸ್ವೆಟರ್ ಸಾಕು, ಬೂಟು ಮತ್ತು ಜಾಕೆಟ್ ಇಲ್ಲಿ. ಬೇಜಾರಾಗುತ್ತದಾ? ಆಗುತ್ತದೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಇನ್ನು ಆಟಿಕ್. ಡಿಸೆಂಬರ್ ಒಳಗೆ ಮಾಡಿಸು. ನಿಮ್ಮನೆಯವರ ಕೈಯಲ್ಲಿ ಬೇಡ, ಕೆಲಸ ಗೊತ್ತಿದ್ದವರ ಕೈಯಲ್ಲಿ. ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ನಾನು ಇಲ್ಲಿಗೆ ಬಂದದ್ದು 2003ರ ಜನವರಿಯಲ್ಲಿ. ಏರ್‌ಪೋರ್ಟ್ ಬಾಗಿಲು ತೆರೆದು ಮೊದಲ ಉಸಿರು ಎಳೆದಾಗ ಮೂಗಿನೊಳಗಿನ ಕೂದಲು ಗಡುಸಾಗಿ ಚುಚ್ಚಿದ್ದು ಇನ್ನೂ ನೆನಪಿದೆ. ನಾಲ್ಕು ವರ್ಷ ಅಪಾರ್ಟ್‌ಮೆಂಟ್. ಬಾಡಿಗೆಯಲ್ಲೇ ಹೀಟಿಂಗ್ ಸೇರಿತ್ತು, ಹಾಗಾಗಿ ಬೆಚ್ಚಗಿರುವುದಕ್ಕೆ ಖರ್ಚಾಗುತ್ತದೆ ಎನ್ನುವುದೇ ಗೊತ್ತಿರಲಿಲ್ಲ. 2007ರಲ್ಲಿ ಈಗನ್‌ನಲ್ಲಿ ಈ ಮನೆ ಕೊಂಡೆವು. 1978ರ ಮನೆ. ಮೊದಲ ಜನವರಿಯ ಗ್ಯಾಸ್ ಬಿಲ್ ಬಂದಾಗ ನಮ್ಮನೆಯವರು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು, ದಿನಾ ನೋಡಿ ಬುದ್ಧಿ ಬರಲಿ ಎಂದು.

ನನ್ನ ತವರು ಸಾಗರದ ಕಡೆ. ಮಂಗಳೂರು ಹೆಂಚಿನ ಮನೆ, ಅಡುಗೆಮನೆಯ ಮೇಲೆ ಅಟ್ಟ. ಅಟ್ಟ ಅಂದರೆ ಮನೆಯದೇ ಒಂದು ಭಾಗ. ಬೀಜದ ಭತ್ತ, ಹಲಸಿನ ಹಪ್ಪಳದ ಡಬ್ಬ, ಅಪ್ಪೆಮಿಡಿಯ ಭರಣಿ, ಮಳೆಗಾಲ ಮುಗಿದ ಮೇಲೆ ಸುತ್ತಿಟ್ಟ ಕಂಬಳಿ ಕೊಪ್ಪೆ, ಎಲ್ಲ ಅಲ್ಲೇ. ಒಲೆಯ ಹೊಗೆ ಅಟ್ಟದ ಹಲಗೆಯ ಸಂದಿಯಲ್ಲಿ ಏರಿ, ಹೆಂಚಿನ ಸಂದಿಯಲ್ಲಿ ಆಚೆ ಹೋಗುತ್ತಿತ್ತು. ಹೊಗೆ ಹೋದಷ್ಟೂ ಒಳ್ಳೆಯದು, ಹುಳ ಹಿಡಿಯುವುದಿಲ್ಲ. ಅಲ್ಲಿ ಮನೆ ಉಸಿರಾಡಬೇಕು. ನಿಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆಯಲ್ಲೂ ಬೆಳಕಿಂಡಿ ಬಿಟ್ಟಿರುತ್ತಾರಲ್ಲ, ಹಾಗೇ. (ನಿಜ ಹೇಳಬೇಕೆಂದರೆ ಆ ದಪ್ಪ ಮಣ್ಣು ಒಳ್ಳೇ ಇನ್ಸುಲೇಷನ್ನೇ.)

ಇಲ್ಲಿ ಕೋಣೆಯ ಸೀಲಿಂಗಿನಲ್ಲಿ ಒಂದು ಚೌಕದ ಮುಚ್ಚಳ, ಅದನ್ನು ತಳ್ಳಿದರೆ ಆಟಿಕ್. ಹೆಸರೂ ಹೆಚ್ಚೂಕಡಿಮೆ ಅದೇ. ನಾನು ಅದನ್ನು ಅಟ್ಟ ಅಂದುಕೊಂಡೆ. ನಮ್ಮೆಲ್ಲ ತಪ್ಪಿನ ಬೇರು ಅಲ್ಲೇ ಇತ್ತು. ಈ ಚಳಿ ಊರಿನಲ್ಲಿ ಆಟಿಕ್ ಮನೆಯ ಒಳಗಲ್ಲ, ಹೊರಗು. ಸೂರಿನ ಕೆಳಗಿನ ಜಾಲರಿಯಿಂದ ತಣ್ಣನೆ ಗಾಳಿ ನುಗ್ಗಿ, ಮಾಡಿನ ನೆತ್ತಿಯ ಕಿಂಡಿಯಿಂದ ಹೊರಗೆ ಹೋಗಬೇಕು. ಅದು ಅಂಗಳದಷ್ಟೇ ತಣ್ಣಗಿರಬೇಕು. ನಿನ್ನ ಮನೆಯ ನಿಜವಾದ ಮೇಲ್ಗಡಿ ಮಾಡು ಅಲ್ಲ, ನೀನು ಮಲಗಿ ಮೇಲೆ ನೋಡಿದಾಗ ಕಾಣುವ ಬಿಳಿ ಸೀಲಿಂಗು. ಅದರಲ್ಲಿ ಒಂದು ತೂತಿದ್ದರೂ ಅದು ಬೀದಿಗೆ ತೆರೆದ ತೂತು.

ನಮಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಇನ್ಸುಲೇಷನ್ ಜಾಸ್ತಿ ಹಾಕಿದರೆ ಬಿಲ್ ಕಮ್ಮಿ ಆಗುತ್ತದೆ. 2008ರ ಅಕ್ಟೋಬರ್‌ನ ಒಂದು ಶನಿವಾರ ಅಂಗಡಿಯಿಂದ ನಲವತ್ತು ಮೂಟೆ ಸೆಲ್ಯುಲೋಸ್ ತಂದೆವು. ಅಷ್ಟು ಮೂಟೆ ಕೊಂಡರೆ ಊದುವ ಮಷೀನು ಒಂದು ದಿನಕ್ಕೆ ಪುಕ್ಕಟೆ. ಸೆಲ್ಯುಲೋಸ್ ಅಂದರೆ ಬೇರೇನಲ್ಲ, ಹಳೇ ನ್ಯೂಸ್‌ಪೇಪರ್ ಅರೆದು, ಬೆಂಕಿ ಹತ್ತದಂತೆ ಬೊರೇಟ್ ಬೆರೆಸಿದ ಬೂದು ಬಣ್ಣದ ಅರಳೆ. ನಮ್ಮೂರಲ್ಲಿ ರದ್ದಿಯವನಿಗೆ ತೂಕಕ್ಕೆ ಹಾಕುವುದನ್ನು ಇಲ್ಲಿ ತಲೆ ಮೇಲೆ ಹೊದ್ದುಕೊಳ್ಳುತ್ತಾರೆ ಎಂದು ನಗುತ್ತಿದ್ದೆವು. ನಾನು ಗರಾಜಿನಲ್ಲಿ ಮೂಟೆ ಒಡೆದು ಮಷೀನಿನ ಬಾಯಿಗೆ ಹಾಕುತ್ತಿದ್ದೆ, ಅವರು ಮೇಲೆ ಪೈಪು ಹಿಡಿದು ಊದುತ್ತಿದ್ದರು. ಸಂಜೆ ಇಳಿದು ಬಂದಾಗ ಹಿಟ್ಟಿನ ಗಿರಣಿಯಲ್ಲಿ ದುಡಿದವರ ಹಾಗೆ ಇದ್ದರು. ಫೋಟೊ ತೆಗೆದು ಅಮ್ಮನಿಗೂ ಕಳಿಸಿದೆ.

ಆ ಚಳಿಗಾಲ ಬಿಲ್ ಸುಮಾರು ಕಾಲು ಭಾಗ ಇಳಿಯಿತು. ನಮ್ಮ ಜಂಬ ಕೇಳಬೇಡ. ಯುಗಾದಿ ಪಾಟ್‌ಲಕ್‌ನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡಿದೆವು. ಇಬ್ಬರು ನಮ್ಮ ಮಾತು ಕೇಳಿ ಹಾಗೇ ಮಾಡಿದರು ಕೂಡ. ಅವರಿಗೆ ಆಮೇಲೆ ನಾನೇ ಫೋನ್ ಮಾಡಿ ಹೇಳಬೇಕಾಯಿತು.

ಮುಂದಿನ ವರ್ಷ ನಾನು ಬಸುರಿ. 2009ರ ಡಿಸೆಂಬರ್‌ನಲ್ಲಿ ಅಮ್ಮ ಬಂದಳು. ಸಾಗರ ಬಿಟ್ಟರೆ ಧರ್ಮಸ್ಥಳ, ಅದು ಬಿಟ್ಟರೆ ಬೆಂಗಳೂರು, ಅಷ್ಟೇ ನೋಡಿದ್ದವಳು ಒಬ್ಬಳೇ ಎರಡು ವಿಮಾನ ಬದಲಿಸಿ ಬಂದಿದ್ದಳು. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಜಾಸ್ತಿ ಶುಂಠಿ, ಬೆಲ್ಲ, ಮೆಣಸು, ಕೊಬ್ಬರಿ ಎಣ್ಣೆ, ಮಗುವಿಗೆ ಅಂತ ಒಗೆದು ಮೆತ್ತಗಾದ ಅಪ್ಪನ ಹಳೇ ಪಂಚೆಯ ತುಂಡುಗಳು. ಮತ್ತೆ ಒಂದು ಹಿತ್ತಾಳೆ ಚೊಂಬು. ಜನವರಿಯಲ್ಲಿ ಮಗಳು ಹುಟ್ಟಿದಳು.

ಬಾಣಂತನ ಅಂದರೆ ಏನೆಂದು ನಿನಗೆ ವಿವರಿಸಬೇಕಾಗಿಲ್ಲ. ಬೆಳಗ್ಗೆ ಮಗುವಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ನೀರು. ಆಮೇಲೆ ನನಗೆ ನೀರು, ಮೈ ಕೆಂಪಗಾಗುವಷ್ಟು ಬಿಸಿ, ಬಚ್ಚಲಲ್ಲಿ ಎದುರಿಗಿದ್ದವರ ಮುಖ ಕಾಣದಷ್ಟು ಹಬೆ. ಸಾಂಬ್ರಾಣಿ ಹೊಗೆ ಹಾಕಿ ಎರಡು ಸಲ ಸ್ಮೋಕ್ ಅಲಾರಂ ಕೂಗಿದ ಮೇಲೆ ಅದೊಂದನ್ನು ಬಿಟ್ಟಳು. ಒಲೆಯ ಮೇಲೆ ಸದಾ ಕಷಾಯ, ಮೆಣಸಿನ ಸಾರು, ಕುದಿಯುವ ನೀರು. ಪಂಚೆಯ ತುಂಡುಗಳು ಡ್ರೈಯರ್‌ಗೆ ಹಾಕಿದರೆ ಗಡುಸಾಗುತ್ತವೆ ಎಂದು ಮನೆಯೊಳಗೇ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಕಿಟಕಿ ಗಾಜಿನ ಮೇಲೆ ನೀರು ಇಳಿದು, ಕೆಳಗಿನ ಮರದ ಪಟ್ಟಿಯಲ್ಲಿ ಹೆಪ್ಪುಗಟ್ಟುತ್ತಿತ್ತು. ಅದೇ ಮೊದಲ ಸೂಚನೆ. ಮೂರು ಗಂಟೆ ನಿದ್ದೆ ಮಾಡುವವರಿಗೆ ಸೂಚನೆ ಎಲ್ಲಿ ಕಾಣುತ್ತದೆ?

ಮಾರ್ಚ್ ಮೊದಲ ವಾರ ಬಿಸಿಲು ಬಿತ್ತು. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು, ಚಳಿಗಾಲ ಮುಗಿಯಿತು ಅಂತ ಖುಷಿ. ಮೂರನೇ ದಿನ ಅಮ್ಮನ ಕೋಣೆಗೆ ಏನಕ್ಕೋ ಹೋದೆ. ಮಂಚ ಗೋಡೆಯಿಂದ ಎರಡು ಅಡಿ ಈಚೆ ಎಳೆದಿತ್ತು. ಮಂಚ ಇದ್ದ ಜಾಗದಲ್ಲಿ ನಮ್ಮ ದೊಡ್ಡ ಸ್ಟೀಲ್ ಪಾತ್ರೆ, ಅದರ ತಳದಲ್ಲಿ ಮಡಿಸಿಟ್ಟ ಪಂಚೆಯ ತುಂಡು. ಮೇಲೆ ನೋಡಿದರೆ ಸೀಲಿಂಗ್‌ನಲ್ಲಿ ಚಹಾ ಬಣ್ಣದ ದೊಡ್ಡ ಕಲೆ, ಅದರ ನಡುವಿನಿಂದ ಒಂದೊಂದೇ ಹನಿ. ಪಾತ್ರೆಯ ತಳದಲ್ಲಿ ಬಟ್ಟೆ ಇದ್ದದ್ದರಿಂದ ಸದ್ದೇ ಇರಲಿಲ್ಲ. ಮಳೆಗಾಲದಲ್ಲಿ ಹೆಂಚು ಸೋರಿದರೆ ಊರಲ್ಲಿ ಹಾಗೇ ಮಾಡುತ್ತಾರೆ, ಟಪ್ ಟಪ್ ಸದ್ದಿಗೆ ಮಕ್ಕಳಿಗೆ ಎಚ್ಚರ ಆಗಬಾರದು ಅಂತ. ಎರಡು ರಾತ್ರಿ ಅವಳು ಯಾರಿಗೂ ಹೇಳಿರಲಿಲ್ಲ. "ನೀನು ಮಲಗಿದ್ದೆಯಲ್ಲೇ, ಮಾಡು ಸೋರದು ಎಂಥ ದೊಡ್ಡ ವಿಷಯ" ಅಂದಳು.

ನಮ್ಮನೆಯವರು ಟಾರ್ಚ್ ಹಿಡಿದು ಆಟಿಕ್ ಹತ್ತಿದರು. ನಾನು ಏಣಿಯ ಅರ್ಧದವರೆಗೆ ಹತ್ತಿ ತಲೆ ತೂರಿಸಿದೆ. ಮಾಡಿನ ಹಲಗೆಯ ಒಳಮೈ ಪೂರ್ತಿ ಬಿಳಿ, ಸುಣ್ಣ ಹೊಡೆದ ಹಾಗೆ. ಹೊರಗಿನಿಂದ ಹೊಡೆದ ಮೊಳೆಗಳ ತುದಿ ಒಳಗೆ ಚಾಚಿರುತ್ತವಲ್ಲ, ಒಂದೊಂದು ಮೊಳೆಗೂ ಒಂದೊಂದು ಹಿಮದ ಮೊಗ್ಗು. ಸಾವಿರಾರು. ಬಿಸಿಲಿಗೆ ಅವೆಲ್ಲ ಕರಗಿ ಆಟಿಕ್‌ನ ಒಳಗೇ ಮಳೆ ಬರುತ್ತಿತ್ತು. ನಾವು ಜಂಬದಿಂದ ಊದಿದ ಸೆಲ್ಯುಲೋಸ್ ನೆನೆಸಿದ ಅವಲಕ್ಕಿಯ ಹಾಗೆ ಮುದ್ದೆಯಾಗಿತ್ತು. ಮಾಡು ಸೋರಿರಲಿಲ್ಲ. ಮಾಡಿನ ಮೇಲೆ ಹೆಂಚಿನ ಬದಲು ಹೊದಿಸುವ ಶಿಂಗಲ್ ಹಾಳೆ ಒಂದೂ ಅಲುಗಾಡಿರಲಿಲ್ಲ. ಆ ನೀರೆಲ್ಲ ಮನೆಯೊಳಗಿನದು.

ಅಷ್ಟು ನನಗೆ ಅರ್ಥವಾಯಿತು, ಮನೆಯೊಳಗಿನ ನೀರು ಅಂತ. ಕೆಳಗಿಳಿದು ಅಮ್ಮನ ಮುಂದೆ ನಿಂತು ಹೇಳಿದೆ: "ದಿನಾ ಹಂಡೆಗಟ್ಟಲೆ ಬಿಸಿ ನೀರು ಹಾಕ್ತೀಯಲ್ಲಮ್ಮ, ಅದಕ್ಕೇ ಮನೆ ಹಾಳಾಗಿದ್ದು. ಇದು ನಮ್ಮೂರ ಬಚ್ಚಲುಮನೆ ಅಲ್ಲ."

ಅಮ್ಮ ಏನೂ ಹೇಳಲಿಲ್ಲ. ಮರುದಿನದಿಂದ ಮಗುವಿಗೆ ಅಡುಗೆಮನೆ ಸಿಂಕಿನಲ್ಲಿ ನಾಲ್ಕು ಚೊಂಬು ನೀರು, ಅಷ್ಟೇ. ಒಲೆ ಹಚ್ಚುವ ಮೊದಲು "ಹಚ್ಚಲಾ?" ಎಂದು ಕೇಳಲು ಶುರುಮಾಡಿದಳು. ಅನ್ನಕ್ಕೆ ಕುಕ್ಕರ್ ಇಟ್ಟರೆ ಕಿಟಕಿ ತೆರೆದು, ಶಾಲು ಹೊದ್ದು ಅದರ ಪಕ್ಕವೇ ನಿಲ್ಲುತ್ತಿದ್ದಳು, ಹಬೆ ಹೊರಗೆ ಹೋಯಿತಾ ಎಂದು ನೋಡುತ್ತಾ. ಏಪ್ರಿಲ್‌ನಲ್ಲಿ ಊರಿಗೆ ಹೋದಳು.

ಆ ಅಕ್ಟೋಬರ್‌ನಲ್ಲಿ, ಒದ್ದೆ ಸೆಲ್ಯುಲೋಸ್ ತೆಗೆಸಿ, ಬೂಷ್ಟು ಹಿಡಿದ ಹಲಗೆ ಶುಚಿ ಮಾಡಿಸಿದ ಮೇಲೆ, ಗಾಳಿ ಪರೀಕ್ಷೆ ಮಾಡುವವರನ್ನು ಕರೆಸಿದೆವು. ಬ್ಲೋವರ್ ಡೋರ್ ಅನ್ನುತ್ತಾರೆ. ಮುಂಬಾಗಿಲಿಗೆ ಬಟ್ಟೆಯ ಪರದೆ ಬಿಗಿದು ಅದರಲ್ಲಿ ದೊಡ್ಡ ಫ್ಯಾನು ಕೂರಿಸಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 50 ಪ್ಯಾಸ್ಕಲ್‌ಗೆ ನಿಲ್ಲಿಸಿ, ಎಷ್ಟು ಗಾಳಿ ನುಸುಳುತ್ತಿದೆ ಎಂದು ಅಳೆಯುತ್ತಾರೆ. ಆತ ಹೊಗೆ ಬಿಡುವ ಪುಟ್ಟ ಕಡ್ಡಿಯಂಥದ್ದು ಹಿಡಿದು ಮನೆಯೆಲ್ಲ ಓಡಾಡಿದ. ಲೈಟಿನ ಸುತ್ತ, ಆಟಿಕ್ ಮುಚ್ಚಳದ ಅಂಚಿನಲ್ಲಿ, ಒಳಗೋಡೆಯ ಸ್ವಿಚ್‌ಬೋರ್ಡಿನಲ್ಲೂ ಹೊಗೆ ಅಲ್ಲಾಡಿತು. ಒಳಗೋಡೆಯಲ್ಲಿ! ಗೋಡೆಯ ಒಳಗಿನ ಟೊಳ್ಳು ಮೇಲೆ ಆಟಿಕ್‌ಗೆ ತೆರೆದಿತ್ತು. ವೈರು ಹೋಗಲು ಕೊರೆದ ತೂತು, ಬಚ್ಚಲ ಪೈಪು ಮಾಡಿಗೆ ಏರುವ ಕಡೆ ಬಿಟ್ಟ ಸಂದಿ, ಮನೆ ಬೆಚ್ಚಗಿಡುವ ಫರ್ನೇಸಿನ ಹೊಗೆಕೊಳವೆಯ ಸುತ್ತ ಕೈ ತೂರುವಷ್ಟು ಜಾಗ. ಎಲ್ಲದರ ಮೇಲೂ ನಾವು ಹದಿನೈದು ಇಂಚು ಪೇಪರ್ ಅರಳೆ ಸುರಿದು ಮುಚ್ಚಿಬಿಟ್ಟಿದ್ದೆವು. ಅರಳೆ ಗಾಳಿಯನ್ನು ತಡೆಯುವುದಿಲ್ಲ. ಕಂಬಳಿ ಹೊದ್ದು ಗಾಳಿಗೆ ಎದುರು ನಿಂತ ಹಾಗೆ.

ಕೊನೆಗೆ ಆತ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ ಆಟಿಕ್ ಹತ್ತಿದ. ಫ್ಯಾನಿನ ಪೈಪು ಮಾಡು ದಾಟಿ ಹೊರಗೆ ಹೋಗಬೇಕಿತ್ತು. ಅದು ಆಟಿಕ್‌ನಲ್ಲೇ ಒಂದು ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಮನೆ ಕಟ್ಟಿದಾಗಿನಿಂದ ಹಾಗೇ ಇತ್ತೋ ಏನೋ. ಅಮ್ಮನ ಸುಮಾರು ಎರಡು ತಿಂಗಳ ಬಿಸಿ ನೀರಿನ ಹಬೆಯನ್ನೆಲ್ಲ ಆ ಫ್ಯಾನು ನೇರ ಮೇಲೆ ಸಾಗಿಸಿತ್ತು. ಮೊದಲ ವರ್ಷ ಯಾಕೆ ಹೀಗಾಗಲಿಲ್ಲ ಎಂದು ಕೇಳಿದೆ. ಇಬ್ಬರೇ ಇದ್ದಿರಿ, ಹಗಲೆಲ್ಲ ಆಫೀಸು, ಹಬೆ ಕಮ್ಮಿ ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. ಇನ್ಸುಲೇಷನ್ ಕಮ್ಮಿ ಇದ್ದಾಗ ಮನೆಯ ಶಾಖ ಸೋರಿ ಆಟಿಕ್ ಸ್ವಲ್ಪ ಬೆಚ್ಚಗಿರುತ್ತದೆ, ಹಬೆ ಹೇಗೋ ಹೊರಗೆ ಹೋಗಿಬಿಡುತ್ತದೆ. ಮೇಲೆ ದಪ್ಪ ಹಾಸಿದರೆ ಆಟಿಕ್ ಇನ್ನೂ ತಣ್ಣಗಾಗುತ್ತದೆ. ತೂತು ಮಾತ್ರ ಹಾಗೇ ಇದ್ದರೆ ಅದೇ ಹಬೆ ತಣ್ಣನೆ ಹಲಗೆಗೆ ತಾಗಿ ಅಲ್ಲೇ ಹಿಮವಾಗುತ್ತದೆ. ಅಂದರೆ ನಾವು ಹಾಕಿದ ಇನ್ಸುಲೇಷನ್ನೇ ಅದನ್ನು ಇನ್ನೂ ಕೆಡಿಸಿತ್ತು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಮಗುವಿನ ಹಲ್ಲು, ಅಡಕೆ ಕೊನೆ, ನೆರೆಮನೆಯ ಮದುವೆ, ಎಲ್ಲ ಮಾತಾಡಿದೆವು. ಫ್ಯಾನಿನ ವಿಷಯ ಹೇಳಲಿಲ್ಲ.

ಈಗ ನಿನ್ನ ಮನೆಗೆ ಬರೋಣ. ಮೊದಲು ನಿಮ್ಮನೆಯವರನ್ನು ಮುಚ್ಚಳದಿಂದ ತಲೆ ತೂರಿಸಿ ನೋಡಲು ಹೇಳು, ಏನನ್ನೂ ಮುಟ್ಟದೆ. ಈಗಿರುವ ಇನ್ಸುಲೇಷನ್ ಗುಲಾಬಿಯೋ ಹಳದಿಯೋ ಹತ್ತಿಯಂತಿದ್ದರೆ ಫೈಬರ್‌ಗ್ಲಾಸ್, ಬೂದು ಅರಳೆಯಾದರೆ ಸೆಲ್ಯುಲೋಸ್. ಸಣ್ಣ ಸಣ್ಣ ಕಲ್ಲಿನ ಚೂರಿನ ಹಾಗೆ, ಕಂದು ಅಥವಾ ಬೆಳ್ಳಿ ಬಣ್ಣಕ್ಕೆ ಹೊಳೆಯುತ್ತಿದ್ದರೆ ತಕ್ಷಣ ಮುಚ್ಚಳ ಮುಚ್ಚಿ ಕೆಳಗಿಳಿಯಬೇಕು. ಅದು ವರ್ಮಿಕ್ಯುಲೈಟ್. 1990ರ ಮೊದಲು ಈ ದೇಶದಲ್ಲಿ ಮಾರಿದ ವರ್ಮಿಕ್ಯುಲೈಟ್‌ನಲ್ಲಿ ಬಹುಪಾಲು ಮೊಂಟಾನಾದ ಲಿಬ್ಬಿ ಎಂಬ ಊರಿನ ಗಣಿಯದು, ಅದರಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಿನಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ನಾರು, ಬೆರೆತಿತ್ತು. ಅದನ್ನು ಗುಡಿಸುವುದೂ ಬೇಡ, ಕೆದಕುವುದೂ ಬೇಡ, ಆಸ್ಬೆಸ್ಟಾಸ್ ತೆಗೆಯುವ ಲೈಸೆನ್ಸ್ ಇದ್ದವರೇ ಬರಬೇಕು. 1964ರ ಮನೆ ಆದ್ದರಿಂದ ಹೇಳಿದೆ, ಹೆದರಿಸಲು ಅಲ್ಲ.

ಅದಿಲ್ಲದಿದ್ದರೆ, ಗ್ಯಾಸ್ ಕಂಪನಿಗೆ ಫೋನ್ ಮಾಡಿ ಎನರ್ಜಿ ಆಡಿಟ್, ಅಂದರೆ ಮನೆಯ ಶಾಖ ಎಲ್ಲಿ ಸೋರುತ್ತಿದೆ ಎಂಬ ತಪಾಸಣೆ, ಕೇಳು. ಕಮ್ಮಿ ದುಡ್ಡಿಗೆ ಮಾಡಿಕೊಡುತ್ತಾರೆ, ರಿಬೇಟ್ ಇದ್ದರೆ ಅವರೇ ಹೇಳುತ್ತಾರೆ. ಇಂಥ ಕೆಲಸಕ್ಕೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ, ನೀನು ಕೇಳಿದ ಫೆಡರಲ್ ಟ್ಯಾಕ್ಸ್ ಕ್ರೆಡಿಟ್, 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಖರ್ಚಿನ 30 ಶೇಕಡಾ, 1,200 ಡಾಲರ್‌ವರೆಗೆ ಕೊಡುತ್ತಿದ್ದರು. ಒಂದು ವರ್ಷ ಮೊದಲು ಮನೆ ಕೊಂಡಿದ್ದರೆ ಸಿಗುತ್ತಿತ್ತು, ಇರಲಿ.

ಮೂರು ಕಡೆ ಕೊಟೇಶನ್ ತೆಗೆದುಕೋ. ಬಂದವರು ಆಟಿಕ್ ಹತ್ತದೆ, ಅಂಗಳದಿಂದಲೇ ಚದರಡಿ ಲೆಕ್ಕ ಹಾಕಿ ಬೆಲೆ ಹೇಳಿದರೆ ಚಹಾ ಕೊಟ್ಟು ಕಳಿಸು. "ಮೊದಲು ತೂತು ಮುಚ್ಚುತ್ತೀರಾ?" ಎನ್ನುವುದೇ ನೀನು ಕೇಳಬೇಕಾದ ಪ್ರಶ್ನೆ. ಹಳೆಯದನ್ನು ಸರಿಸಿ, ಗೋಡೆಗಳ ನೆತ್ತಿ, ವೈರಿನ ತೂತು, ಪೈಪಿನ ಸಂದಿಗೆ ಫೋಮ್ ಹೊಡೆಯಬೇಕು. ಹೊಗೆಕೊಳವೆಯ ಸುತ್ತ ಮಾತ್ರ ಫೋಮ್ ಕೂಡದು, ಅಲ್ಲಿ ತಗಡು ಮತ್ತು ಬೆಂಕಿ ತಡೆಯುವ ಅಂಟು. ಅಡುಗೆಮನೆಯಲ್ಲಿ ಸೀಲಿಂಗ್‌ನೊಳಗೆ ಹುದುಗಿಸಿದ ಹಳೇ ಲೈಟುಗಳಿದ್ದರೆ ಅವುಗಳ ಮೇಲೆ ಇನ್ಸುಲೇಷನ್ ಸುರಿದರೆ ಕಾದು ಬೆಂಕಿಯ ಭಯ. ಅವನ್ನು ಬದಲಿಸುವುದೇ ಲೇಸು. ಸೂರಿನ ಹತ್ತಿರ ಬ್ಯಾಫಲ್ ಎಂದು ಥರ್ಮೊಕೋಲಿನ ದೋಣಿಯಂಥ ತುಂಡು ಕೂರಿಸುತ್ತಾರೆ, ಇನ್ಸುಲೇಷನ್ ಹೋಗಿ ಜಾಲರಿ ಮುಚ್ಚಬಾರದು ಅಂತ. ನಾವು ಅದನ್ನೂ ಮುಚ್ಚಿದ್ದೆವು. ಆಟಿಕ್ ಮುಚ್ಚಳಕ್ಕೆ ರಬ್ಬರ್ ಪಟ್ಟಿ, ಅದರ ಬೆನ್ನಿಗೂ ಇನ್ಸುಲೇಷನ್. ಬಚ್ಚಲ ಫ್ಯಾನಿನ ಪೈಪು ಮಾಡು ದಾಟಿ ಹೊರಗೆ, ಪೈಪಿನ ಮೈಗೂ ಇನ್ಸುಲೇಷನ್ ಸುತ್ತಿ. ಇಷ್ಟೆಲ್ಲ ಆದ ಮೇಲೆ ಅರಳೆ. ಇಲ್ಲಿನ ಹೊಸ ಮನೆಗಳಿಗೆ ಕಟ್ಟಡದ ಕೋಡ್ ಕೇಳುವುದು ಆರ್-49, ಶಾಖ ತಡೆಯುವ ಶಕ್ತಿಯ ಅಳತೆ ಅದು. ಸೆಲ್ಯುಲೋಸ್ ಆದರೆ ಹದಿನಾಲ್ಕು ಹದಿನೈದು ಇಂಚು. ಮುಚ್ಚುವ ಮೊದಲು ಪ್ರತಿ ತೂತಿನ ಫೋಟೊ ಕೇಳು, ಮೇಲೆ ಅರಳೆ ಬಿದ್ದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಒಳ್ಳೆಯವರಾದರೆ ಕೆಲಸಕ್ಕೆ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ ಬ್ಲೋವರ್ ಡೋರ್ ಹಾಕುತ್ತಾರೆ. ಆಮೇಲೆ ಗ್ಯಾಸಿನ ವಾಟರ್ ಹೀಟರ್ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯಾ ಎಂದು ನೋಡುತ್ತಾರೆ. ಇದನ್ನು ಬಿಡಬೇಡ. ಮನೆ ಬಿಗಿಯಾದ ಮೇಲೆ ಕೆಲವು ಹಳೇ ಹೀಟರ್‌ಗಳ ಹೊಗೆ ವಾಪಸ್ ಒಳಗೆ ಬರುತ್ತದೆ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗುವ ಕೋಣೆಯಿಂದ ಹತ್ತು ಅಡಿಯೊಳಗೆ ಅದರ ಅಲಾರಂ ಇರಬೇಕು, ಈ ರಾಜ್ಯದ ಕಾನೂನೇ ಹಾಗಿದೆ. ಅಮ್ಮ ಮಲಗುವ ಕೋಣೆಯನ್ನೂ ಲೆಕ್ಕಕ್ಕೆ ಹಿಡಿ.

ನಿಮ್ಮನೆಯವರಿಗೆ ಏನೂ ಕೆಲಸ ಇಲ್ಲ ಅಂದುಕೊಳ್ಳಬೇಡ. ಚಳಿ ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿಕೊಂಡು ಸ್ವಿಚ್‌ಬೋರ್ಡ್, ಲೈಟು, ಆಟಿಕ್ ಮುಚ್ಚಳದ ಹತ್ತಿರ ಹಿಡಿಯಲಿ. ಹೊಗೆ ಅಡ್ಡ ತಿರುಗಿದ ಕಡೆ ತೂತಿದೆ. ಬೇಸ್‌ಮೆಂಟ್‌ನಲ್ಲಿ, ಗೋಡೆಯ ಮೇಲೆ ಮರ ಕೂರುವ ಅಂಚಿನಲ್ಲೂ ಹಿಡಿಯಲಿ. ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋದಷ್ಟೂ ತಣ್ಣನೆಯದು ಅಲ್ಲಿಂದ ಒಳಗೆ ಬರುತ್ತದೆ, ಇಡೀ ಮನೆಯೇ ಒಂದು ಹೊಗೆಗೂಡು. ಕೆಳಗಿನದನ್ನು ಅವರೇ ಮುಚ್ಚಬಹುದು, ಜಾರಿ ಬೀಳುವ ಭಯ ಇಲ್ಲ. ಆಟಿಕ್‌ನಲ್ಲಿ ಮರದ ಮೇಲೆ ಬಿಟ್ಟು ನಡುವೆ ಕಾಲಿಟ್ಟರೆ ನೇರ ಕೆಳಗಿನ ಕೋಣೆಗೆ. ನಮ್ಮ ಹಾಲ್‌ನಲ್ಲಿ ಒಂದು ಕಡೆ ಸೀಲಿಂಗ್ ಬಣ್ಣ ಬೇರೆ ಇದೆ, ಬಂದಾಗ ತೋರಿಸುತ್ತೇನೆ.

ಐಸ್ ಡ್ಯಾಮ್ ಏನು ಎಂದು ನೀನು ಕೇಳಿದ್ದೆ. ಇದೇ ಕಥೆಯ ಇನ್ನೊಂದು ಮುಖ. ಶಾಖ ಸೋರಿ ಮಾಡು ಬೆಚ್ಚಗಾದರೆ ಹಿಮ ಕರಗಿ ಇಳಿಯುತ್ತದೆ, ಸೂರಿನ ಅಂಚು ತಣ್ಣಗಿರುವುದರಿಂದ ಅಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ, ಹಿಂದೆ ನಿಂತ ನೀರು ಶಿಂಗಲ್ ಸಂದಿಯಲ್ಲಿ ನುಗ್ಗುತ್ತದೆ. ಕೊಡಲಿ, ಸುತ್ತಿಗೆ ಹಿಡಿದು ಏಣಿ ಹತ್ತಬೇಡಿ. ಹಬೆಯಲ್ಲಿ ಕರಗಿಸುವವರು ಇದ್ದಾರೆ. ಹಿಮ ಬಿದ್ದ ದಿನವೇ ಉದ್ದ ಕೋಲಿನ ರೂಫ್ ರೇಕ್‌ನಿಂದ ಅಂಚಿನ ಹಿಮ ಎಳೆದರೆ ಅಲ್ಲಿಯವರೆಗೂ ಬರುವುದಿಲ್ಲ.

ನಮ್ಮ ಮನೆ ಈಗ ಹೇಗಿದೆ ಎಂದು ಕೇಳು. 2019ರ ಜನವರಿ 30, ಇಲ್ಲಿನ ಏರ್‌ಪೋರ್ಟ್‌ನಲ್ಲಿ ಮೈನಸ್ 28 ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ಮೈನಸ್ 33 ಡಿಗ್ರಿ. ಶಾಲೆಗೆಲ್ಲ ರಜೆ. ಓವನ್ನಿನ ಲೈಟ್ ಹಾಕಿ ಒಳಗಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿತ್ತು. ಅವತ್ತು ಆಟಿಕ್ ಹತ್ತಿ ನೋಡಿದೆವು. ಮೊಳೆಗಳು ಒಣಗಿದ್ದವು, ಬರೀ ಕಬ್ಬಿಣದ ಬಣ್ಣ. ಅದರ ಫೋಟೊ ನನ್ನ ಫೋನಿನಲ್ಲಿ ಇನ್ನೂ ಇದೆ, ಮಗಳ ಡ್ಯಾನ್ಸ್ ಫೋಟೊಗಳ ನಡುವೆ.

ಎಲ್ಲ ಸರಿ ಮಾಡಿಸಿದರೂ ಬಾಣಂತನದ ಹಬೆ ಎಲ್ಲಿಗಾದರೂ ಹೋಗಬೇಕಲ್ಲ. ಸ್ನಾನ ಆದ ಮೇಲೂ ಅರ್ಧ ಗಂಟೆ ಫ್ಯಾನ್ ತಿರುಗಲಿ. ಒಲೆಯ ಮೇಲಿನ ಚಿಮಣಿ ಹೊರಗೆ ಬಿಡುತ್ತದಾ, ಬರೀ ಅಲ್ಲೇ ಸುತ್ತಿಸುತ್ತದಾ ನೋಡು, ಇಲ್ಲಿ ಎಷ್ಟೋ ಮನೆಗಳಲ್ಲಿ ಸುತ್ತಿಸುವುದೇ ಇರುತ್ತದೆ. ಹತ್ತು ಡಾಲರ್‌ನ ತೇವ ಅಳೆಯುವ ಮೀಟರ್ ಒಂದು ತಂದಿಡು. ಹೊರಗೆ ಮೈನಸ್ 20 ಫ್ಯಾರನ್‌ಹೀಟ್ ಇದ್ದಾಗ ಒಳಗೆ 15-20 ಶೇಕಡಾ ದಾಟಬಾರದು, ಸಾಧಾರಣ ಚಳಿಗೆ 30-35 ನಡೆಯುತ್ತದೆ. ಜಾಸ್ತಿ ತೋರಿಸಿದರೆ ಫ್ಯಾನ್ ಹಾಕು. ಅಮ್ಮನಿಗೆ ಮೀಟರ್ ತೋರಿಸಬೇಡ.

ನನ್ನ ಅಮ್ಮ ಮತ್ತೆ ಬರಲಿಲ್ಲ. ಮೊದಲು ಅಪ್ಪನ ಆರೋಗ್ಯ ಅಂದಳು, ಆಮೇಲೆ ತೋಟ ನೋಡುವವರಿಲ್ಲ ಅಂದಳು, ಈಗ ಎಪ್ಪತ್ತೆಂಟು, ಮಂಡಿ ನೋವು. ಮಗನ ಬಾಣಂತನಕ್ಕೆ ನಾನೇ ಊರಿಗೆ ಹೋದೆ, ಅಲ್ಲಿ ಹಂಡೆ ತುಂಬ ನೀರು ಹಾಕಿದಳು. ಅಲ್ಲೇ ಒಂದು ದಿನ ಹೇಳಿಬಿಟ್ಟೆ, "ಅಮ್ಮಾ, ಅವತ್ತು ನಿನ್ನ ನೀರಿಂದ ಆಗಿದ್ದಲ್ಲ, ಫ್ಯಾನಿನ ಪೈಪಿಂದು" ಎಂದು. "ಯಾವ ಫ್ಯಾನೇ?" ಅಂದಳು, ಬಗ್ಗಿ ಒಲೆಗೆ ಸೌದೆ ಸರಿಸುತ್ತಾ. ನಿಜಕ್ಕೂ ಮರೆತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಈಗಲೂ ಮಾರ್ಚ್ ಬಂದರೆ ಫೋನಿನಲ್ಲಿ ಕೇಳುತ್ತಾಳೆ, "ನಿಮ್ಮಲ್ಲಿ ಹಿಮ ಕರಗಿತಾ? ಮಾಡು ಹ್ಯಾಂಗಿದ್ದು?"

ಈ ಶನಿವಾರ ಬಚ್ಚಲ ಫ್ಯಾನಿನ ಪೈಪು ಎಲ್ಲಿ ಹೋಗಿ ಮುಗಿಯುತ್ತದೆ ಅಂತ ನೋಡಿಸಿ ಫೋಟೊ ಕಳಿಸು. ಕೊಟೇಶನ್ ಬಂದ ಮೇಲೆ ಅದನ್ನೂ ಕಳಿಸು, ನಮ್ಮನೆಯವರು ನೋಡುತ್ತಾರೆ. ಮತ್ತೆ, ಅಮ್ಮ ತಂದಿದ್ದ ಆ ಹಿತ್ತಾಳೆ ಚೊಂಬು ನಮ್ಮಲ್ಲೇ ಇದೆ, ಸುಮ್ನೆ ಶೆಲ್ಫಿನಲ್ಲಿ ಕೂತಿದೆ. ಪ್ಲಾಸ್ಟಿಕ್ ಮಗ್ಗಿನಲ್ಲಿ ಮಗುವಿಗೆ ನೀರು ಹಾಕಲು ನಿನ್ನ ಅಮ್ಮನಿಗೆ ಮನಸ್ಸು ಬರಲಿಕ್ಕಿಲ್ಲ. ನವೆಂಬರ್‌ನಲ್ಲಿ ಈ ಕಡೆ ಬಂದಾಗ ತೆಗೆದುಕೊಂಡು ಹೋಗು, ಹುಣಸೆಹಣ್ಣು ಹಾಕಿ ಉಜ್ಜಿಟ್ಟಿರುತ್ತೇನೆ.